ಸಕ್ರಿಯ ಸಾಗಾಣಿಕೆ

ಸಕ್ರಿಯ ಸಾಗಾಣಿಕೆ ಎಂದರೆ ಜೀವಕೋಶವು ಶಕ್ತಿಯನ್ನು ವ್ಯಯಿಸಿ, ಅಯಾನುಗಳನ್ನು ಅಥವಾ ಅಣುಗಳನ್ನು ಅವುಗಳ ಸಾರತೆ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ಕೋಶಪೊರೆಯ ಮೂಲಕ ಸಾಗಿಸುವ ಕ್ರಿಯೆ. ದ್ರಾವಣದ ನಿರ್ದಿಷ್ಟ ಗಾತ್ರದಲ್ಲಿ ಕರಗಿರುವ ವಸ್ತುವಿನ ಪ್ರಮಾಣವನ್ನು ಸಾರತೆ ಎನ್ನುತ್ತಾರೆ. ಸಸ್ಯದ ಬೇರು ಮಣ್ಣಿನಿಂದ ಖನಿಜಾಂಶಗಳನ್ನು ಹೀರುವುದು, ನರಕೋಶವು ಸಂದೇಶ ರವಾನೆಗೆ ಸಜ್ಜಾಗಿರುವುದು, ಮೂತ್ರಪಿಂಡವು ಗ್ಲೂಕೋಸನ್ನು ರಕ್ತಕ್ಕೆ ಮರಳಿಸುವುದು, ಇವೆಲ್ಲವೂ ಈ ಕ್ರಿಯೆಯನ್ನು ಅವಲಂಬಿಸಿವೆ. ಕೋಶದ ಒಳಗಿನ ಮತ್ತು ಹೊರಗಿನ ದ್ರವಗಳ ನಡುವಣ ವ್ಯತ್ಯಾಸವನ್ನು ಕಾಯ್ದುಕೊಳ್ಳುವುದೇ ಇದರ ಮುಖ್ಯ ಪ್ರಯೋಜನ. ಆ ವ್ಯತ್ಯಾಸ ಅಳಿದರೆ ಕೋಶವು ಬದುಕಲಾರದು.

ವಿಸರಣೆಗೂ ಸಕ್ರಿಯ ಸಾಗಾಣಿಕೆಗೂ ಇರುವ ಭೇದ

ನೀರಿಗೆ ಹಾಕಿದ ಸಕ್ಕರೆ ಕರಗಿ, ಕಾಲಕ್ರಮೇಣ ಎಲ್ಲೆಡೆ ಸಮನಾಗಿ ಹರಡುತ್ತದೆ. ಅಣುಗಳು ಹೆಚ್ಚು ಸಾರತೆಯ ಕಡೆಯಿಂದ ಕಡಿಮೆ ಸಾರತೆಯ ಕಡೆಗೆ ಹೀಗೆ ತಾವಾಗಿಯೇ ಚಲಿಸುವುದನ್ನು ವಿಸರಣೆ ಎನ್ನುತ್ತಾರೆ. ನೀರು ಇಳಿಜಾರಿನಲ್ಲಿ ಹರಿಯಲು ಯಾರ ನೆರವೂ ಬೇಕಿಲ್ಲ. ಬಾವಿಯ ನೀರು ಮೇಲೆ ಬರಬೇಕಾದರೆ ಏತ ತುಳಿಯಬೇಕು. ವಿಸರಣೆಯು ಮೊದಲನೆಯದಕ್ಕೂ ಸಕ್ರಿಯ ಸಾಗಾಣಿಕೆಯು ಎರಡನೆಯದಕ್ಕೂ ಸಮಾನ.

ಕೋಶಪೊರೆಯು ಮುಖ್ಯವಾಗಿ ಕೊಬ್ಬಿನ ಗುಂಪಿಗೆ ಸೇರಿದ ಅಣುಗಳ ಎರಡು ಪದರಗಳಿಂದಾಗಿದೆ. ವಿದ್ಯುದಾವೇಶವುಳ್ಳ ಅಯಾನುಗಳು ಅದನ್ನು ಸುಲಭವಾಗಿ ದಾಟಲಾರವು. ಅವುಗಳಿಗೆ ದಾರಿಯಾಗುವುದು ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳು. ಆದರೆ ಪ್ರೋಟೀನಿನ ಮೂಲಕ ನಡೆದ ಮಾತ್ರಕ್ಕೆ ಸಾಗಾಣಿಕೆಯು ಸಕ್ರಿಯವಾಗುವುದಿಲ್ಲ. ಶಕ್ತಿಯ ವ್ಯಯವಿಲ್ಲದೆ, ಇಳಿಜಾರಿನ ದಿಕ್ಕಿನಲ್ಲೇ ಪ್ರೋಟೀನಿನ ಮೂಲಕ ನಡೆಯುವ ಚಲನೆಯನ್ನು ಅನುಕೂಲಿತ ವಿಸರಣೆ ಎಂದು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ.

ವಿಧಗಳು

ಪ್ರಾಥಮಿಕ ಸಕ್ರಿಯ ಸಾಗಾಣಿಕೆಯಲ್ಲಿ ವಾಹಕ ಪ್ರೋಟೀನು ಸಾಮಾನ್ಯವಾಗಿ ಎಟಿಪಿ ಎಂಬ ಅಣುವನ್ನು ವಿಭಜಿಸಿ ಶಕ್ತಿಯನ್ನು ನೇರವಾಗಿ ಪಡೆಯುತ್ತದೆ. ಇಂತಹ ಪ್ರೋಟೀನುಗಳಿಗೆ ಪಂಪು ಎಂಬ ಹೆಸರು ರೂಢಿಯಲ್ಲಿದೆ. ದ್ವಿತೀಯಕ ಸಕ್ರಿಯ ಸಾಗಾಣಿಕೆಯಲ್ಲಿ ಎಟಿಪಿಯ ಬಳಕೆ ನೇರವಲ್ಲ. ಪಂಪು ಹೊರಗೆ ತಳ್ಳಿದ ಅಯಾನು ಇಳಿಜಾರಿನಲ್ಲಿ ಒಳಕ್ಕೆ ಮರಳುವಾಗ ಮತ್ತೊಂದು ವಸ್ತುವನ್ನು ಏರಿನತ್ತ ಸಾಗಿಸುತ್ತದೆ. ಎತ್ತರದ ತೊಟ್ಟಿಗೆ ಏರಿಸಿದ ನೀರು ಕೆಳಗಿಳಿಯುವಾಗ ಚಕ್ರವನ್ನು ತಿರುಗಿಸುವಂತೆ ಇದನ್ನು ಭಾವಿಸಬಹುದು.

ಪ್ರಾಣಿಕೋಶಗಳಲ್ಲಿ

ಪ್ರಾಣಿಕೋಶಗಳ ಪ್ರಧಾನ ಪಂಪು ಸೋಡಿಯಂ-ಪೊಟ್ಯಾಸಿಯಂ ಪಂಪು. ಒಂದು ಎಟಿಪಿ ಅಣುವಿನ ವೆಚ್ಚದಲ್ಲಿ ಇದು 3 ಸೋಡಿಯಂ ಅಯಾನುಗಳನ್ನು ಹೊರಕ್ಕೂ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೂ ಸಾಗಿಸುತ್ತದೆ. ಮಾನವ ಶರೀರದಲ್ಲಿ ಕೋಶದ ಹೊರಗಿನ ದ್ರವದ ಸೋಡಿಯಂ ಸಾರತೆ ಲೀಟರಿಗೆ ಸುಮಾರು 145 ಮಿಲಿಮೋಲ್ ಇದ್ದರೆ, ಕೋಶದೊಳಗೆ ಅದರ ಹತ್ತನೆಯ ಒಂದು ಭಾಗದಷ್ಟು ಮಾತ್ರ ಇರುತ್ತದೆ. ಪೊಟ್ಯಾಸಿಯಂನ ಸ್ಥಿತಿ ಇದಕ್ಕೆ ವಿರುದ್ಧ. ನರ ಮತ್ತು ಸ್ನಾಯುಗಳ ಕೆಲಸಕ್ಕೆ ಈ ವ್ಯತ್ಯಾಸವೇ ಆಧಾರ. ದೇಹತೂಕದ ಸುಮಾರು ಶೇ. 2ರಷ್ಟಿರುವ ಮಿದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ಅದರ ದೊಡ್ಡ ಪಾಲು ಈ ಪಂಪುಗಳಿಗೆ ಸಲ್ಲುತ್ತದೆ.

ಜಠರದ ಪಂಪು ಹೈಡ್ರೋಜನ್ ಅಯಾನುಗಳನ್ನು ಹೊರಹಾಕಿ ಆಮ್ಲವನ್ನು ಉಂಟುಮಾಡುತ್ತದೆ. ಆಮ್ಲಪಿತ್ತಕ್ಕೆ ಕೊಡುವ ಒಮೆಪ್ರಜೋಲ್ ಔಷಧಿಯು ತಡೆಯುವುದು ಈ ಪಂಪನ್ನೇ.

ಸಸ್ಯಕೋಶಗಳಲ್ಲಿ

ಸಸ್ಯಕೋಶಗಳಲ್ಲಿ ಆ ಪ್ರಧಾನ ಸ್ಥಾನ ಪ್ರೋಟಾನ್ ಪಂಪಿನದು. ಇದು ಹೈಡ್ರೋಜನ್ ಅಯಾನುಗಳನ್ನು ಕೋಶದ ಹೊರಕ್ಕೆ ತಳ್ಳುವುದರಿಂದ ಪೊರೆಯ ಒಳಬದಿಯು ಋಣಾವೇಶವನ್ನು ಪಡೆಯುತ್ತದೆ. ಬೇರುರೋಮಗಳು ಮಣ್ಣಿನ ನೀರಿನಲ್ಲಿ ಅತ್ಯಲ್ಪವಾಗಿರುವ ನೈಟ್ರೇಟ್, ಫಾಸ್ಫೇಟ್ ಮುಂತಾದವನ್ನು ಈ ಪಂಪಿನ ಬಲದಿಂದ ಒಳಗೆ ಸಂಗ್ರಹಿಸುತ್ತವೆ. ಅನೇಕ ಸಸ್ಯಗಳ ಎಲೆಯಲ್ಲಿ ತಯಾರಾದ ಸುಕ್ರೋಸ್ ಫ್ಲೋಯಂ ನಾಳಗಳಿಗೆ ತುಂಬುವುದೂ ಹೀಗೆಯೇ.

ಪತ್ರರಂಧ್ರಗಳು ತೆರೆಯುವಾಗ ಕಾವಲು ಕೋಶಗಳ ಪ್ರೋಟಾನ್ ಪಂಪು ಬೆಳಕಿನಿಂದ ಚುರುಕಾಗುತ್ತದೆ. ಒಳಬದಿಯ ಋಣಾವೇಶಕ್ಕೆ ಆಕರ್ಷಿತವಾಗಿ ಪೊಟ್ಯಾಸಿಯಂ ಅಯಾನುಗಳು ಕಾಲುವೆಯಂತಹ ಪ್ರೋಟೀನುಗಳ ಮೂಲಕ ಒಳಬರುತ್ತವೆ. ಅವುಗಳ ಹಿಂದೆ ನೀರೂ ಬಂದು ಕೋಶಗಳು ಉಬ್ಬುತ್ತವೆ, ರಂಧ್ರ ತೆರೆದುಕೊಳ್ಳುತ್ತದೆ.

ಶೋಧನೆಯ ಇತಿಹಾಸ

1920ರ ದಶಕದಲ್ಲಿ ಅಮೆರಿಕದ ಡೆನಿಸ್ ಹೋಗ್ಲ್ಯಾಂಡ್ ಮತ್ತು ಸಹೋದ್ಯೋಗಿಗಳು ನೈಟೆಲ್ಲಾ ಎಂಬ ಸಿಹಿನೀರಿನ ಶೈವಲದ ಕೋಶರಸದಲ್ಲಿ ಕೆಲವು ಅಯಾನುಗಳು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿರುವುದನ್ನೂ, ಈ ಸಂಗ್ರಹಣೆಗೆ ಶಕ್ತಿ ಅಗತ್ಯವೆಂಬುದನ್ನೂ ತೋರಿಸಿದರು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳನ್ನು ಅಧ್ಯಯನ ಮಾಡಿ, ಸೋಡಿಯಂ-ಪೊಟ್ಯಾಸಿಯಂ ಪಂಪಾಗಿ ಕೆಲಸ ಮಾಡುವ ಕಿಣ್ವವನ್ನು ವಿವರಿಸಿದರು. ಇದಕ್ಕಾಗಿ ಅವರಿಗೆ 1997ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧಭಾಗ ದೊರೆಯಿತು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಕರುಳಿನ ಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಸಾಗುತ್ತವೆಂಬ ವಿವರಣೆಯನ್ನು ಮುಂದಿಟ್ಟರು.

ಪಂಪು ನಿಂತಾಗ

ಎಟಿಪಿಯ ತಯಾರಿಕೆಗೆ ಉಸಿರಾಟ ಬೇಕು. ಆದ್ದರಿಂದಲೇ ಹೊಲದಲ್ಲಿ ಹಲವು ದಿನ ನೀರು ನಿಂತರೆ ಆಮ್ಲಜನಕದ ಕೊರತೆಯಿಂದ ಬೇರಿನ ಪಂಪುಗಳು ಮಂದವಾಗುತ್ತವೆ. ಮಣ್ಣಿನಲ್ಲಿ ಗೊಬ್ಬರವಿದ್ದರೂ ಪೈರು ಅದನ್ನು ಹೀರಲಾರದೆ ಹಳದಿಯಾಗುತ್ತದೆ. ಭತ್ತದ ಬೇರಿಗೆ ಕಾಂಡದ ಮೂಲಕ ಗಾಳಿ ಒದಗಿಸುವ ಅಂಗಾಂಶವಿರುವುದರಿಂದ ಅದು ನಿಂತ ನೀರಿನಲ್ಲಿಯೂ ಬೆಳೆಯಬಲ್ಲದು.

ಪ್ರಾಣಿಕೋಶದಲ್ಲಿ ಪಂಪು ನಿಂತರೆ ಸೋಡಿಯಂ ಒಳಗೆ ಶೇಖರವಾಗಿ, ನೀರು ಒಳನುಗ್ಗಿ, ಕೋಶವು ಊದಿಕೊಳ್ಳುತ್ತದೆ. ಕಣಗಿಲೆ ಗಿಡದ ವಿಷವು ಹೃದಯದ ಬಡಿತವನ್ನು ಕೆಡಿಸುವುದು ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುವುದರಿಂದ. ಇದೇ ಬಗೆಯ ಸಸ್ಯಜನ್ಯ ವಸ್ತುವಾದ ಡಿಜಾಕ್ಸಿನ್ ಅತ್ಯಲ್ಪ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ, ಹೃದ್ರೋಗಕ್ಕೆ ಔಷಧಿಯಾಗಿದೆ.

ಜೀವ ಉಳಿಸುವ ದ್ರಾವಣ

ಕಾಲರಾ ಪೀಡಿತರ ಕರುಳಿನಿಂದ ನೀರು ಮತ್ತು ಲವಣಗಳು ರಭಸದಿಂದ ಹೊರಹೋಗುತ್ತವೆ. ಆದರೆ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಯ್ಯುವ ಪ್ರೋಟೀನು ಆಗಲೂ ಕೆಲಸ ಮಾಡುತ್ತಿರುತ್ತದೆ. ಉಪ್ಪು ಮತ್ತು ಗ್ಲೂಕೋಸನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿ ಕುಡಿಸಿದರೆ ಅವೆರಡೂ ಕೋಶದೊಳಗೆ ಸೇರಿ, ಅವುಗಳನ್ನು ಅನುಸರಿಸಿ ನೀರೂ ದೇಹಕ್ಕೆ ಮರಳುತ್ತದೆ. ಓಆರ್‌ಎಸ್ ದ್ರಾವಣದ ತತ್ತ್ವವಿದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗೆ ಕಾಲರಾ ತಗುಲಿ, ರಕ್ತನಾಳಕ್ಕೆ ನೀಡುವ ದ್ರವ ಸಾಲದೆ ಹೋದಾಗ, ವೈದ್ಯ ದಿಲೀಪ್ ಮಹಾಲನಬಿಸ್ ಈ ದ್ರಾವಣವನ್ನು ವ್ಯಾಪಕವಾಗಿ ಬಳಸಿ ಮರಣ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದರು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂದಿನ ಪ್ರಮಾಣಿತ ಓಆರ್‌ಎಸ್‌ನ ಒಂದು ಲೀಟರಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ತಲಾ 75 ಮಿಲಿಮೋಲ್ ಇರುತ್ತವೆ. ಗ್ಲೂಕೋಸಿಲ್ಲದ ಬರಿಯ ಉಪ್ಪುನೀರಾಗಲಿ, ಅತಿಯಾದ ಸಕ್ಕರೆಯ ಪಾನೀಯವಾಗಲಿ ಇದಕ್ಕೆ ಬದಲಾಗುವುದಿಲ್ಲ.