ಕೆಂಧೂಳು ತಿಂದದ್ದೆಷ್ಟು, ವಾರಂಟಿ ಹೇಳಿದ್ದೆಷ್ಟು

ಹೊಸಪೇಟೆಯ ಓದುಗರೊಬ್ಬರು ಕೇಳಿದ್ದಾರೆ: “ಸರ್, ನಮ್ಮ ಕಾರಿಗೆ ಐದು ವರ್ಷ. ಮೇಲೆ ದುಡ್ಡು ಕಟ್ಟಿ ತಗೊಂಡಿದ್ದ ವಾರಂಟಿಯೂ ಮೊನ್ನೆ ಮುಗೀತು. ಕೆಲಸಕ್ಕೆ ದಿನಾ ಸಂಡೂರಿಗೆ ಹೋಗಿ ಬರ್ತೀನಿ. ಗ್ಯಾರೇಜಿನವರು ಕ್ಲಚ್ಚು, ಸಸ್ಪೆನ್ಷನ್ ಬುಷ್ಷು, ಬ್ಯಾಟರಿ ಅಂತ ಅರವತ್ತು ಸಾವಿರದ ಪಟ್ಟಿ ಕೊಟ್ಟಿದ್ದಾರೆ. ಕೆಂಧೂಳು ಎಂಜಿನ್ನನ್ನೇ ತಿಂದಿರುತ್ತೆ, ಮಾರಿಬಿಡು ಅಂತಾರೆ ನಮ್ಮ ಭಾವ. ರಿಪೇರಿ ಮಾಡಿಸ್ಲೋ, ಹೊಸದು ತಗೊಳ್ಳೋ?”

ಪ್ರಶ್ನೆ ದುಡ್ಡಿನದು. ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾವನವರ ಮಾತು. ಧೂಳು ಎಂಜಿನ್ ತಿನ್ನುತ್ತದೆ, ಸುಳ್ಳಲ್ಲ. ಯಾವ ಧೂಳು, ಯಾವ ದಾರಿಯಿಂದ ಎಂಬಲ್ಲಿ ಮಾತ್ರ ನಮ್ಮ ಭಾಗದ ಬಹುಪಾಲು ಜನ ತಪ್ಪು ಕಳ್ಳನನ್ನು ಹಿಡಿದಿದ್ದಾರೆ.

ಸಂಡೂರಿನ ಗುಡ್ಡಗಳ ಅದಿರು ಹೆಮಟೈಟ್. ಕಬ್ಬಿಣಕ್ಕೆ ಆಮ್ಲಜನಕ ಸೇರಿ ಆದದ್ದು. ಶುದ್ಧವಾಗಿದ್ದರೆ ತೂಕದಲ್ಲಿ ಶೇ 70ರಷ್ಟು ಕಬ್ಬಿಣವೇ. ವಿಚಿತ್ರವೆಂದರೆ ಗಟ್ಟಿ ಹೆಂಟೆ ಬಹುತೇಕ ಬೂದುಗಪ್ಪು. ಪುಡಿಯಾದಾಗಲೇ ಅದರ ಕೆಂಪು ಹೊರಬೀಳುವುದು. ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿಯ ಬೇವಿನೆಲೆಗಳಿಗೆಲ್ಲ ಬಣ್ಣ ಬಳಿದಿರುವುದು ಈ ಪುಡಿಯೇ. ಇನ್ನೂ ನುಣ್ಣಗೆ ಅರೆದರೆ ಇದರ ಹೆಸರು ‘ರೂಜ್’. ಚಿನ್ನಕ್ಕೆ ಹೊಳಪು ಕೊಡುವುದು ಇದರಿಂದ. ದೂರದರ್ಶಕದ ಕನ್ನಡಿ, ಮಸೂರಗಳನ್ನು ಬಹುಕಾಲ ಉಜ್ಜಿದ್ದೂ ಇದರಿಂದಲೇ. ಗುಲಗಂಜಿ ಬಂಗಾರವೂ ದಂಡವಾಗದಂತೆ ಒಡವೆಯ ಮೈ ತೀಡುವ ಪುಡಿಯನ್ನು ನಾವು ರಾಕ್ಷಸ ಎನ್ನುತ್ತಿದ್ದೇವೆ!

ಹಾಗಾದರೆ ನಿಜವಾದ ಕಳ್ಳ ಯಾರು? ಹಂಪಿಯ ಕಡೆ ಕತ್ತು ತಿರುಗಿಸಿ. ಅಲ್ಲಿನ ಗುಂಡುಗಳೆಲ್ಲ ಗ್ರಾನೈಟ್. ಗ್ರಾನೈಟ್ ಸವೆದಾಗ ಉಳಿಯುವ ಗಟ್ಟಿ ಕಣ ಬೆಣಚು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಹೆಮಟೈಟ್ 5ರಿಂದ 6ರ ಆಸುಪಾಸು, ಬೆಣಚು 7. ಎಂಜಿನ್ನಿನ ಬೇರಿಂಗುಗಳ ಒಳಮೈಗೆ ಬಳಸುವ ಲೋಹಗಳಂತೂ ಇವೆರಡಕ್ಕಿಂತ ಎಷ್ಟೋ ಮೆದು. ಲೋಕದ ಏರ್ ಫಿಲ್ಟರ್‌ಗಳನ್ನು ಪರೀಕ್ಷಿಸಲು ಬಳಸುವ ಪ್ರಮಾಣಿತ ಧೂಳಿಗೆ ಅಮೆರಿಕದ ಅರಿಜೋನಾ ಮರುಭೂಮಿಯ ಹೆಸರಿದೆ. ಅದರಲ್ಲಿ ಸುಮಾರು ಶೇ 70 ಪಾಲು ಬೆಣಚಿನದೇ ರಾಸಾಯನಿಕ, ಸಿಲಿಕಾ. ಕಬ್ಬಿಣದ ಆಕ್ಸೈಡ್ ಶೇ 5ನ್ನೂ ಮೀರುವುದಿಲ್ಲ. ಎಂಜಿನಿಯರುಗಳಿಗೆ ಯಾವುದಕ್ಕೆ ಹೆದರಬೇಕೆಂದು ಗೊತ್ತಿದೆ.

ಸಂಡೂರಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. ಅಲ್ಲಿನ ಗುಡ್ಡಗಳಲ್ಲಿ ಪಟ್ಟೆ ಪಟ್ಟೆಯಾದ ಒಂದು ಕಲ್ಲಿದೆ: ಒಂದು ಪದರ ಹೆಮಟೈಟ್, ಅದರ ಮೇಲೊಂದು ಪದರ ಬೆಣಚು, ಮತ್ತೆ ಹೆಮಟೈಟ್. ಅದು ಪುಡಿಯಾದಾಗ ಕೆಂಪಿನ ಮರೆಯಲ್ಲಿ ಬಿಳಿಯೂ ಬರುತ್ತದೆ. ಕಣ್ಣಿಗೆ ಕಾಣುವುದು ಕೆಂಪು, ಕೆರೆಯುವುದು ಬಿಳಿ.

ಇನ್ನು ದಾರಿ. 1.2 ಲೀಟರ್ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತ ಪೂರ್ತಿ ಉಸಿರೆಳೆದರೆ, ಆ ಒಂದು ನಿಮಿಷದಲ್ಲಿ ಒಳಗೆ ಹೋಗುವ ಗಾಳಿ 1200 ಲೀಟರ್. ಇಷ್ಟನ್ನೂ ಸೋಸಬೇಕಾದದ್ದು ಮಡಿಕೆ ಮಡಿಕೆಯ ಒಂದು ಕಾಗದ. ಕಾಗದದ ರಂಧ್ರಕ್ಕಿಂತ ದೊಡ್ಡ ಕಣ ಮಾತ್ರ ಅದಕ್ಕೆ ಸಿಕ್ಕುತ್ತದೆ ಎಂದುಕೊಳ್ಳಬೇಡಿ. ಗಾಳಿ ಎಳೆಗಳ ನಡುವೆ ಸರಕ್ಕನೆ ತಿರುಗಿದಾಗ ಭಾರದ ಕಣಕ್ಕೆ ಅಷ್ಟು ಬೇಗ ತಿರುಗಲಾಗದೆ ಎಳೆಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಕಣವೇ ಮುಂದಿನ ಕಣಕ್ಕೆ ಬಲೆ. ಹಾಲು ಸೋಸುವ ಬಟ್ಟೆಗೆ ಕೆನೆ ಕಟ್ಟಿದ ಮೇಲೆ ಹಾಲು ನಿಧಾನವಾಗಿ, ಆದರೆ ಹೆಚ್ಚು ಶುದ್ಧವಾಗಿ ಇಳಿಯುತ್ತದಲ್ಲ, ಇಲ್ಲಿಯೂ ಅದೇ. ಅಂದರೆ ಸ್ವಲ್ಪ ಕೊಳೆಯಾದ ಫಿಲ್ಟರ್ ಹೊಚ್ಚ ಹೊಸ ಫಿಲ್ಟರಿಗಿಂತ ಚೆನ್ನಾಗಿ ಸೋಸುತ್ತದೆ! ಹೆಚ್ಚು ಧೂಳು ನುಸುಳುವುದು ಹೊಸತು ಹಾಕಿದ ಮೊದಲ ದಿನಗಳಲ್ಲೇ.

ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಗ್ಯಾರೇಜಿಗೆ ಕಾಲಿಟ್ಟರೆ ಸಾಕು, ಫಿಲ್ಟರ್ ತೆಗೆದು ಏರ್ ಹೊಡೆಯುತ್ತಾರೆ. ಕೆಂಪು ಮೋಡ ಏಳುತ್ತದೆ, ಗಿರಾಕಿಗೆ ಸಂತೋಷ, ಮೇಸ್ತ್ರಿಗೆ ಚಹಾ. ಆ ರಭಸಕ್ಕೆ ಕಾಗದದ ಎಳೆ ಬಿಚ್ಚಿದರೆ, ಅಂಚಿನ ರಬ್ಬರು ಸರಿಯಾಗಿ ಕೂರದಿದ್ದರೆ, ಗಾಳಿ ಕಾಗದವನ್ನು ತಪ್ಪಿಸಿಕೊಂಡು ನೇರ ಒಳನುಗ್ಗುತ್ತದೆ. ವಾರವಾರ ಊದಿಸಬೇಡಿ. ಕೈಪಿಡಿಯಲ್ಲಿ ಧೂಳಿನ ಊರುಗಳಿಗೆಂದು ಬೇರೆ ಅವಧಿ ಬರೆದಿರುತ್ತಾರೆ. ಆ ಲೆಕ್ಕಕ್ಕೆ ಫಿಲ್ಟರನ್ನೇ ಬದಲಿಸಿ. ಫಿಲ್ಟರ್ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯಲ್ಲಿ ಬಿರುಕಿದೆಯೇ, ಕೈಯಾಡಿಸಿ ನೋಡಿ. ನಮ್ಮ ಬಿಸಿಲಿಗೆ ಕಾರಿನಲ್ಲಿ ಮೊದಲು ಮುಪ್ಪಾಗುವುದು ರಬ್ಬರು ಮತ್ತು ಬ್ಯಾಟರಿ, ಕಬ್ಬಿಣವಲ್ಲ. ಆ ಬಿರುಕಿನಿಂದ ನುಸುಳಿದ ಧೂಳಿಗೆ ಕಾವಲೇ ಇಲ್ಲ.

ಒಳಗೆ ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ದೊಡ್ಡ ಗಣಿ ಡಂಪರುಗಳಿಗೆ ಮಾಡುವ ಆಯಿಲ್ ಪರೀಕ್ಷೆ ನನಗೆ ಬಲು ಇಷ್ಟ. ಒಂದಿಷ್ಟು ಹಳೆಯ ಆಯಿಲನ್ನು ವಿದ್ಯುತ್ ಕಿಡಿಯಲ್ಲಿ ಸುಟ್ಟು, ಹೊಮ್ಮಿದ ಬೆಳಕಿನಲ್ಲಿ ಯಾವ ಯಾವ ಮೂಲಧಾತುಗಳ ಗುರುತಿದೆ ಎಂದು ಓದುತ್ತಾರೆ. ಸಿಲಿಕಾನ್ ಏರಿದರೆ ಧೂಳು ಹೊಕ್ಕಿದೆ. ಕಬ್ಬಿಣ ಏರಿದರೆ ಸಿಲಿಂಡರ್ ಸವೆಯುತ್ತಿದೆ. ಸಂಡೂರಿನಲ್ಲಿ ಮಾತ್ರ ಈ ಪತ್ತೇದಾರನೂ ತಲೆ ಕೆರೆದುಕೊಳ್ಳಬೇಕು. ಸಿಕ್ಕಿದ ಕಬ್ಬಿಣ ಎಂಜಿನ್ನಿನದೋ, ಗುಡ್ಡದ್ದೋ? ಮನೆಯ ಕಾರಿಗೆ ಇಷ್ಟೆಲ್ಲ ಬೇಡ. ಹೊಗೆ ನೀಲಿಯಾಗಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ. ಆಯಿಲ್ ಕಪ್ಪಾಯಿತೆಂದು ಗಾಬರಿಯಾಗಬೇಡಿ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ.

ಈಗ ವಾರಂಟಿ. ಅದು ಕಾರಿನ ಆಯುಷ್ಯವಲ್ಲ, ಕಂಪನಿಯ ಲೆಕ್ಕಾಚಾರ. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬಿಬ್ಬರು ವಿಮಾನದ ಭಾಗಗಳು ಯಾವಾಗ ಕೆಡುತ್ತವೆಂದು ಒಂದು ವರದಿ ಬರೆದರು. ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುವುದು ಶೇ 11 ಭಾಗಗಳಿಗೆ ಮಾತ್ರ! ಶೇ 68 ಭಾಗಗಳು ಹೊಸತಿದ್ದಾಗಲೇ ಹೆಚ್ಚು ಕೆಡುತ್ತಿದ್ದವು, ಆ ಗಂಡಾಂತರ ದಾಟಿದರೆ ಅವಕ್ಕೆ ಮುಪ್ಪೆಂಬುದೇ ಕಾಣಲಿಲ್ಲ. ಕಾರು ವಿಮಾನವಲ್ಲ, ಕ್ಲಚ್ಚು, ಬುಷ್ಷು, ಟೈರು ಸವೆಯಲೆಂದೇ ಹುಟ್ಟಿದವು. ಆದರೂ ನೀತಿ ಒಂದೇ. ಕಾರಿಗೆಂದು ಒಂದು ವಯಸ್ಸಿಲ್ಲ, ಭಾಗ ಭಾಗಕ್ಕೂ ಅದರದರ ವಯಸ್ಸು.

ಇದು ತಿಳಿಯದವರು ಎರಡು ಭಾಗ ಸಾಲು ಸಾಲಾಗಿ ಕೆಟ್ಟರೆ ಶನಿಕಾಟ ಎನ್ನುತ್ತಾರೆ. ಟೈರಿನ ಕೆಳಗೆ ನಿಂಬೆಹಣ್ಣು ಜಜ್ಜಿ, ಬಂದಷ್ಟಕ್ಕೆ ಮಾರಿ, ಹೊಸದನ್ನು ಶನಿವಾರ ಬಿಟ್ಟು ಇನ್ನೊಂದು ದಿನ ತರುತ್ತಾರೆ. ಶನಿವಾರ ಕಬ್ಬಿಣ ಕೊಳ್ಳಬಾರದಂತೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ ನೋಡಿ. ಊದುಕುಲುಮೆಗೆ ಒಮ್ಮೆ ಬೆಂಕಿ ಹಾಕಿದರೆ ವರ್ಷಗಟ್ಟಲೆ ಆರಿಸುವುದಿಲ್ಲ, ಶನಿವಾರವೂ ಅಲ್ಲಿ ಕಬ್ಬಿಣ ಹರಿಯುತ್ತಲೇ ಇರುತ್ತದೆ. ನೀವು ಶುಕ್ರವಾರ ತಂದ ಕಾರಿನಲ್ಲಿ ಶನಿವಾರದ ಉಕ್ಕು ಇಲ್ಲವೆಂದು ಬರೆದುಕೊಡುವವರು ಯಾರು?

ಹಾಗಂತ ಕೆಟ್ಟ ಮೇಲೆ ನೋಡೋಣ ಎಂದು ಎಲ್ಲವನ್ನೂ ಮುಂದೂಡುವಂತೆಯೂ ಇಲ್ಲ. ಅದಕ್ಕೆ ಸಾಕ್ಷಿ ಹೊಸಪೇಟೆಯ ಪಕ್ಕದಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಯಿತು, ಗೇಟು ಕೊಚ್ಚಿಹೋಯಿತು. ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ್ದು ಸಾಹಸವೇ. ಆದರೆ ಅಷ್ಟರೊಳಗೆ ಹರಿದುಹೋದ ನೀರು ಹೋದದ್ದೇ. ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಿ ಎಂದಿತು. ಗಮನಿಸಿ: ಉಳಿದ 32 ಮುರಿದಿರಲಿಲ್ಲ. ಮುರಿದರೆ ಆಗುವ ಅನಾಹುತ ದೊಡ್ಡದಾದ್ದರಿಂದ ಕಾಯಬಾರದು ಎಂದರು. ಅಣೆಕಟ್ಟನ್ನೇ ಬದಲಿಸಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಕಾರಿನಲ್ಲಿ ಅಂಥ ಗೇಟುಗಳು ಕೆಲವೇ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದು. ತುಂಡಾದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಗುದ್ದಿ ಎಲ್ಲ ಮುಗಿಯುತ್ತದೆ. ಮತ್ತೆ ಬ್ರೇಕಿನ ರಬ್ಬರ್ ಹೋಸು, ಬ್ರೇಕ್ ಆಯಿಲ್, ಟೈರು. ಇವನ್ನು ಕೈಪಿಡಿ ಹೇಳಿದ ಹೊತ್ತಿಗೆ, ಚೆನ್ನಾಗಿ ಕಂಡರೂ, ಬದಲಿಸಿ. ಕಿಟಕಿಯ ಮೋಟರು, ಏಸಿ, ಬುಷ್ಷು ಕೆಟ್ಟಾಗ ನೋಡಿಕೊಂಡರಾಯಿತು.

ಉಳಿದದ್ದು ದುಡ್ಡು. ವಿಮಾ ಕಂಪನಿಗಳ ರೂಢಿಯ ಪಟ್ಟಿಯಂತೆ ಐದನೇ ವರ್ಷದ ಪಾಲಿಸಿಯಲ್ಲಿ ಕಾರಿನ ಬೆಲೆಗೆ ಶೇ 50 ಕಡಿತ. ಎಂಟು ಲಕ್ಷದ ಕಾರಿಗೆ ನಾಲ್ಕು ಲಕ್ಷ ಉಳಿಯಿತು. ಅಪಘಾತವಾದಾಗ ರಿಪೇರಿಯ ಖರ್ಚು ಈ ಬೆಲೆಯ ಶೇ 75 ದಾಟಿದರೆ, ಅಂದರೆ ಮೂರು ಲಕ್ಷ ಮೀರಿದರೆ ಮಾತ್ರ ಅವರು ಕಾರು ಪೂರ್ತಿ ಹೋಯಿತೆಂದು ಲೆಕ್ಕ ಹಾಕುತ್ತಾರೆ. ನಿಮ್ಮ ಪಟ್ಟಿ ಅರವತ್ತು ಸಾವಿರದ್ದು. ಹೊಸ ಕಾರಾದರೆ ಮೊದಲ ವರ್ಷದಲ್ಲೇ ಅದೇ ಪಟ್ಟಿಯಂತೆ ಶೇ 15 ಕರಗುತ್ತದೆ; ಎಂಟು ಲಕ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಅದಕ್ಕೆ ಯಾವ ಗ್ಯಾರೇಜೂ ಬಿಲ್ಲು ಕೊಡುವುದಿಲ್ಲವಾದ್ದರಿಂದ ನೋವಾಗುವುದಿಲ್ಲ, ಅಷ್ಟೆ.

ರಿಪೇರಿ ಮಾಡಿಸಿ. ಅದಕ್ಕೆ ಮುಂಚೆ ಒಂದೇ ಒಂದು ಪರೀಕ್ಷೆ. ಈಗಿನ ಬಹುಪಾಲು ಕಾರುಗಳಿಗೆ ಬೇರೆ ಚಾಸಿಯಿಲ್ಲ, ಬಾಡಿಯೇ ಬೆನ್ನೆಲುಬು. ನಮ್ಮದು ಒಣ ಹವೆ, ಕರಾವಳಿಯ ಉಪ್ಪುಗಾಳಿ ಇಲ್ಲ. ಹಾಗಾಗಿ ತುಕ್ಕು ನಿಧಾನ. ಕಂಪ್ಲಿಯ ಕಡೆ ಗದ್ದೆಗೆ ಇಳಿಸಿ ಓಡಿಸಿದ ಕಾರಾದರೆ ಮಾತ್ರ ಬಾಗಿಲಡಿಯ ಅಂಚಿನಲ್ಲಿ, ಚಕ್ರದ ಕಮಾನಿನ ಒಳಗೆ ಹಸಿ ಮಣ್ಣು ಮೆತ್ತಿ ಕೂತಿರುತ್ತದೆ. ಕಾರನ್ನು ರ‍್ಯಾಂಪಿಗೆ ಏರಿಸಿ, ಮಣ್ಣು ಕೆರೆದು, ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿಸಿ. ಟಣ್ ಎಂದರೆ ಅರವತ್ತು ಸಾವಿರ ಖರ್ಚು ಮಾಡಿ. ಮೊನೆ ಒಳಗೆ ಹೋದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಮಾರಿಬಿಡಿ.