ಪದವಿ ಒಬ್ಬರದು, ಆಸ್ಪತ್ರೆ ಇನ್ನೊಬ್ಬರದು

ಭಾರತದಲ್ಲಿ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಡದ ನೆಲದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವೆಂಬ ಹೆಗ್ಗಳಿಕೆ ಮೈಸೂರಿನದು. 1916ರ ಜುಲೈ 27ರಂದು ಅದು ಆರಂಭವಾಗುವವರೆಗೆ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದು, ಸಂಸ್ಥಾನದ ಹಣದಲ್ಲಿ ಕಲಿತ ವಿದ್ಯಾರ್ಥಿಗಳಿಗೆ ಪಠ್ಯಕ್ರಮವೂ ಪರೀಕ್ಷೆಯೂ ಪದವಿಯೂ ಮದ್ರಾಸಿನಿಂದಲೇ ಬರಬೇಕಾಗಿತ್ತು. ಈ ಅವಲಂಬನೆಯನ್ನು ಕಳೆಯಲು ದಿವಾನ್ ವಿಶ್ವೇಶ್ವರಯ್ಯನವರು ಮುಂದಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಬೆಂಬಲವಾಗಿ ನಿಂತರು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ಕಲಾ ವಿಷಯಗಳು ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ ಎಂದು ಬೋಧನೆ ಹಂಚಿಹೋಗಿದ್ದರಿಂದ, ಒಂದೇ ವಿಶ್ವವಿದ್ಯಾನಿಲಯ ಎರಡು ಊರುಗಳಲ್ಲಿ ಬೆಳೆಯಿತು.

ವೈದ್ಯಕೀಯ ಶಿಕ್ಷಣವೂ ಇದೇ ಹಾದಿ ಹಿಡಿಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು, ಕೃಷ್ಣರಾಜೇಂದ್ರ (ಕೆ. ಆರ್.) ಆಸ್ಪತ್ರೆಯ ಆಸರೆಯಲ್ಲಿ ನೆಲೆಯೂರಿತು. ವೈದ್ಯಕೀಯ ಕಾಲೇಜಿಗೆ ಕಟ್ಟಡ, ಗ್ರಂಥಾಲಯಗಳಿಗಿಂತ ಮೊದಲು ಬೇಕಾದದ್ದು ರೋಗಿಗಳಿಂದ ತುಂಬಿದ ಆಸ್ಪತ್ರೆ. ಎಂಬಿಬಿಎಸ್ ವಿದ್ಯಾರ್ಥಿಗಳು ಆರಂಭದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಕಲಿತು, ಶವಚ್ಛೇದನ ಮಾಡಿ, ಬಳಿಕ ವಾರ್ಡುಗಳನ್ನು ಪ್ರವೇಶಿಸುತ್ತಾರೆ. ಅಲ್ಲಿ ರೋಗಿಯ ಹಾಸಿಗೆಯ ಪಕ್ಕ ನಿಂತು, ಎಷ್ಟು ದಿನದಿಂದ ಜ್ವರ, ಚಳಿ ಬರುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿ, ನಾಡಿ ಹಿಡಿದು, ಹೊಟ್ಟೆ ಒತ್ತಿ ನೋಡಿ, ಕಂಡದ್ದನ್ನೆಲ್ಲ ಬರೆದು ಪ್ರಾಧ್ಯಾಪಕರ ಮುಂದೆ ಒಪ್ಪಿಸಬೇಕು. ಮೈಸೂರಿನ ವಿದ್ಯಾರ್ಥಿಗೆ ಈ ಪಾಠ ಇಂಗ್ಲಿಷಿನಲ್ಲಿ ನಡೆದರೂ ರೋಗಿಯೊಡನೆ ಮಾತು ನಡೆಯುವುದು ಹೆಚ್ಚಾಗಿ ಕನ್ನಡದಲ್ಲಿಯೇ. ಹೆರಿಗೆ ಮತ್ತು ಮಕ್ಕಳ ಚಿಕಿತ್ಸೆಗೆ ಚೆಲುವಾಂಬ ಆಸ್ಪತ್ರೆಯೂ, ಕ್ಷಯರೋಗಕ್ಕೆ ಅದೇ ರೋಗದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮವೂ ಕಾಲೇಜಿನ ಬೋಧನೆಗೆ ಒದಗಿದವು.

ಇಲ್ಲಿ ಅಧಿಕಾರದ ಹಂಚಿಕೆಯನ್ನು ಗಮನಿಸಬೇಕು, ಏಕೆಂದರೆ ಹೊರಗಿನವರಿಗೆ ಗೊಂದಲವಾಗುವುದು ಇಲ್ಲಿಯೇ. ಕಾಲೇಜು ಮತ್ತು ಆಸ್ಪತ್ರೆ ಸರ್ಕಾರದವು, ಪದವಿ ವಿಶ್ವವಿದ್ಯಾನಿಲಯದ್ದು. ವಿಶ್ವವಿದ್ಯಾನಿಲಯದಲ್ಲಿ ಆಡಳಿತ ಮತ್ತು ಹಣಕಾಸು ನೋಡುವ ಸಿಂಡಿಕೇಟ್, ಬೋಧನೆಯ ಮಟ್ಟವನ್ನು ನಿರ್ಧರಿಸುವ ವಿದ್ಯಾವಿಷಯಕ ಪರಿಷತ್ತು, ಒಂದೊಂದು ವಿಷಯದ ಪಠ್ಯವನ್ನು ರೂಪಿಸುವ ಅಧ್ಯಯನ ಮಂಡಳಿ ಎಂಬ ಹಂತಗಳಿವೆ. ರಾಜ್ಯಪಾಲರು ಕುಲಾಧಿಪತಿಗಳು, ಅಂದರೆ ಸಂಸ್ಥೆಯ ಶಿರಸ್ಥಾನದಲ್ಲಿರುವವರು. ಸಂಸ್ಥಾನದ ಕಾಲದಲ್ಲಿ ಆ ಸ್ಥಾನ ಮಹಾರಾಜರದಾಗಿತ್ತು. ದಿನನಿತ್ಯದ ಹೊಣೆ ಕುಲಪತಿಗಳದು. ವೈದ್ಯಕೀಯ ಪದವಿಗೆ ಇವೆಲ್ಲದರ ಮೇಲೆ ದೇಶಮಟ್ಟದ ಮಾನ್ಯತೆಯೂ ಬೇಕು. ಆ ಕೆಲಸವನ್ನು ಹಿಂದೆ ಭಾರತೀಯ ವೈದ್ಯಕೀಯ ಪರಿಷತ್ತು ಮಾಡುತ್ತಿದ್ದು, 2020ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾಡುತ್ತಿದೆ. ಇಷ್ಟು ಯಜಮಾನರಿದ್ದರೂ ಹಾಸಿಗೆ, ಔಷಧ, ದಾದಿಯರ ಕೊರತೆಯಾದಾಗ ಉತ್ತರ ಹೇಳಬೇಕಾದದ್ದು ಸರ್ಕಾರವೇ.

ರಾಜ್ಯದ ವಿಶ್ವವಿದ್ಯಾನಿಲಯಗಳು ಹೆಚ್ಚಿದಂತೆ ಈ ಹೊಂದಾಣಿಕೆ ತೊಡಕಾಯಿತು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಬಂದಾಗ ವೈದ್ಯಕೀಯ ಕಾಲೇಜುಗಳೂ ಆಯಾ ಪ್ರದೇಶಕ್ಕೆ ತಕ್ಕಂತೆ ಹಂಚಿಹೋದವು. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಮೊದಲು ಕರ್ನಾಟಕ, ನಂತರ ಮೈಸೂರು, ಆಮೇಲೆ ಮಂಗಳೂರು ವಿಶ್ವವಿದ್ಯಾನಿಲಯಗಳ ಅಡಿಯಲ್ಲಿತ್ತೆಂಬುದು ಈ ಅಲೆದಾಟಕ್ಕೆ ಸಾಕ್ಷಿ. ಒಂದೇ ರಾಜ್ಯದಲ್ಲಿ ಒಂದೇ ಹೆಸರಿನ ಪದವಿಗೆ ಬೇರೆ ಬೇರೆ ಪರೀಕ್ಷೆಗಳಿದ್ದ ಈ ಸ್ಥಿತಿಯಲ್ಲಿ, ಎಲ್ಲ ಆರೋಗ್ಯ ವಿಜ್ಞಾನ ಕಾಲೇಜುಗಳನ್ನು ಒಂದೆಡೆ ತರುವ ಕಾನೂನು 1994ರಲ್ಲಿ ಆಯಿತು. 1996ರ ಜೂನ್ 1ರಂದು ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು.

ಪರೀಕ್ಷೆ ಏಕರೂಪವಾದದ್ದು ಲಾಭವೇ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳಿಗೂ ಅದೇ ಊರಿನ ವೈದ್ಯಕೀಯ ಕಾಲೇಜಿಗೂ ಇದ್ದ ಒಂದೇ ಸೂರು ಇದರಿಂದ ಇಲ್ಲವಾಯಿತು. ರೋಗವನ್ನು ಸಮಾಜದೊಡನೆ ಸೇರಿಸಿ ಓದಬೇಕಾದ ಕಾಲದಲ್ಲಿ ಇದು ಸಣ್ಣ ನಷ್ಟವಲ್ಲ. ಆ ಸೂರು ಇದ್ದಾಗಲೂ ಅದರ ಪ್ರಯೋಜನ ಪೂರ್ತಿ ಆಗಿತ್ತೆಂದು ಹೇಳುವುದು ಕಷ್ಟ. ಕಾಲೇಜು ಮುಂದೆ ಸಂಶೋಧನಾ ಸಂಸ್ಥೆಯೆಂಬ ಹೆಸರನ್ನೂ ಸ್ವಾಯತ್ತತೆಯನ್ನೂ ಪಡೆಯಿತು. ಈ ಸ್ವಾಯತ್ತತೆ ಆಡಳಿತಕ್ಕೆ ಸಂಬಂಧಿಸಿದ್ದೇ ಹೊರತು ಪದವಿ ಕೊಡುವ ಅಧಿಕಾರವಲ್ಲ. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನ ರೋಗಿಗಳು ಇಂದಿಗೂ ಕೆ. ಆರ್. ಆಸ್ಪತ್ರೆಗೇ ಬರುತ್ತಾರೆ, ಅವರನ್ನು ಪರೀಕ್ಷಿಸಿ ಕಲಿತ ವಿದ್ಯಾರ್ಥಿಯ ಪದವಿಪತ್ರಕ್ಕೆ ಮಾತ್ರ ಬೆಂಗಳೂರಿನ ವಿಶ್ವವಿದ್ಯಾನಿಲಯದ ಮುದ್ರೆ ಬೀಳುತ್ತದೆ.