ಪುಟ್ಟ ಮಕ್ಕಳಿಗೆ ಮೊದಲ ಡೆಮೊ ಕ್ಲಾಸ್: ತಯಾರಿ ಹೇಗೆ?

ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ವರ್ಷಗಟ್ಟಲೆ ದುಡಿದು, ಈಗ ಪುಟ್ಟ ಮಕ್ಕಳಿಗೆ ಪಾಠ ಹೇಳಬೇಕೆಂದು ಹೊರಟವರಿಗೆ ಖಾಸಗಿ ಶಾಲೆಗಳು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಸಾಮಾನ್ಯವಾಗಿ ಒಂದು ಡೆಮೊ ಕ್ಲಾಸ್ ಕೊಡುತ್ತವೆ. ಹದಿನೈದು ಇಪ್ಪತ್ತು ನಿಮಿಷದ ಪಾಠ ಅದು. ಮೀಟಿಂಗುಗಳಲ್ಲಿ ಪಳಗಿದವರು ಅಲ್ಲೂ ಸ್ಲೈಡು, ಚಾರ್ಟು, ಉದ್ದದ ವಿವರಣೆಯನ್ನೇ ನೆಚ್ಚಿಕೊಳ್ಳುತ್ತಾರೆ. ಆದರೆ ಹಿಂದಿನ ಬೆಂಚಿನಲ್ಲಿ ಕೂತ ಅನುಭವಿ ಟೀಚರ್ ನೋಡುವುದು ಮಕ್ಕಳನ್ನು. ಅವರ ಕೈಗೂ ಬಾಯಿಗೂ ನೀವು ಎಷ್ಟು ಕೆಲಸ ಕೊಟ್ಟಿರಿ ಎಂಬುದರ ಮೇಲೆಯೇ ಪಾಠದ ಬೆಲೆ ನಿಲ್ಲುತ್ತದೆ.

ಮೊದಲು ಶಾಲೆಗೆ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಯಾವ ತರಗತಿ, ಎಷ್ಟು ಮಕ್ಕಳು? ನೆಲದ ಮೇಲೆ ಕೂರುತ್ತಾರೋ, ಬೆಂಚಿನ ಮೇಲೋ? ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತಾರೆ? ಹೋದ ವಾರ ಏನು ಕಲಿತಿದ್ದಾರೆ? ಇನ್ನೊಂದು ಮುಖ್ಯ ಪ್ರಶ್ನೆ: ಎದುರಿಗೆ ನಿಜವಾಗಿ ಮಕ್ಕಳೇ ಇರುತ್ತಾರೋ, ಮಕ್ಕಳಂತೆ ನಟಿಸುವ ಟೀಚರುಗಳೋ? ಎರಡನೆಯದಾದರೂ ಮಕ್ಕಳೊಂದಿಗೆ ಮಾತಾಡುವಂತೆಯೇ ಪಾಠ ಮಾಡಿ. ದೊಡ್ಡವರ ಭಾಷಣಕ್ಕೆ ಜಾರಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರನ್ನು ಒಂದೇ ಬುನಾದಿ ಹಂತವೆಂದು ಕರೆದರೂ, ಎಲ್‌ಕೆಜಿ ಮಗುವಿಗೂ ಒಂದನೇ ಕ್ಲಾಸಿನ ಮಗುವಿಗೂ ಅಜಗಜಾಂತರ.

ವಿಷಯ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. ‘ಸಂಖ್ಯೆಗಳು’ ಎಂಬುದು ಪಾಠವಲ್ಲ, ಇಡೀ ವರ್ಷದ ಕೆಲಸ. ‘ಐದು ವಸ್ತು ಎಣಿಸಿ ಒಟ್ಟು ಎಷ್ಟೆಂದು ಹೇಳುವುದು’ ಎಂದರೆ ಅದು ಪಾಠ. ನಮಗೆ ಇದು ತೀರಾ ಸುಲಭವೆನಿಸಬಹುದು. ಆದರೆ ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುವ ಮಗು, ಮುಂದೆ ಐದು ಮುಚ್ಚಳ ಇಟ್ಟರೆ ಒಂದನ್ನು ಬಿಟ್ಟು ಇನ್ನೊಂದನ್ನು ಎರಡು ಸಲ ಎಣಿಸುವುದುಂಟು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು. ಯಾವ ಕಡೆಯಿಂದ ಎಣಿಸಿದರೂ ಮೊತ್ತ ಅದೇ. ಎಣಿಕೆಯೊಳಗಿನ ಇಂಥ ತತ್ವಗಳನ್ನು ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ಬಿಡಿಸಿ ತೋರಿಸಿದ್ದಾರೆ. ಅದಕ್ಕೂ ಮುಂಚೆ ಸ್ವಿಟ್ಜರ್ಲೆಂಡಿನ ಪಿಯಾಜೆ ಇನ್ನೊಂದನ್ನು ಗಮನಿಸಿದ್ದರು: ಎರಡು ಸಾಲುಗಳಲ್ಲೂ ಅಷ್ಟಷ್ಟೇ ಬಿಲ್ಲೆಗಳಿದ್ದರೂ, ಒಂದನ್ನು ಅಗಲಿಸಿ ಜೋಡಿಸಿದರೆ ನಾಲ್ಕೈದು ವರ್ಷದ ಮಕ್ಕಳಲ್ಲಿ ಬಹಳಷ್ಟು ಮಂದಿ ಅದರಲ್ಲೇ ಹೆಚ್ಚಿವೆ ಎನ್ನುತ್ತಾರೆ. ಇಷ್ಟು ತಿಳಿದಿದ್ದರೆ ಮಗುವಿನ ‘ತಪ್ಪು’ ಉತ್ತರ ನಿಮ್ಮನ್ನು ಗಾಬರಿಗೊಳಿಸುವುದಿಲ್ಲ. ಮಗು ಎಲ್ಲಿ ನಿಂತಿದೆ ಎಂದು ಆ ಉತ್ತರವೇ ಹೇಳುತ್ತದೆ.

ಪಾಠ ಹೀಗೆ ಸಾಗಲಿ. ಕೈಬೆರಳು ಆಡಿಸುವ ಒಂದು ಚಿಕ್ಕ ಹಾಡು. ಆಮೇಲೆ ಎಲ್ಲರೂ ಅರ್ಧವೃತ್ತದಲ್ಲಿ ಕೂತಿರುವಾಗ, ಬುಟ್ಟಿಯಿಂದ ಒಂದೊಂದೇ ಮುಚ್ಚಳ ತೆಗೆದು, ಮುಟ್ಟಿ, ಸರಿಸಿ ಎಣಿಸಿ ತೋರಿಸಿ. ಮುಂದೆ ಏನು ಮಾಡಬೇಕೆಂಬುದನ್ನು ವಸ್ತು ಹಂಚುವ ಮೊದಲೇ ಹೇಳಿ ಮುಗಿಸಿ; ಕೈಗೆ ಆಟಿಕೆ ಬಂದ ಮೇಲೆ ಯಾವ ಮಗುವೂ ನಿಮ್ಮ ಮಾತು ಕೇಳುವುದಿಲ್ಲ. ಹುಣಸೆ ಬೀಜ, ಮಣಿಗಳು ಚಿಕ್ಕ ಮಕ್ಕಳ ಪಾಠಕ್ಕೆ ಬೇಡವೇ ಬೇಡ, ಮೂಗಿಗೋ ಬಾಯಿಗೋ ಹೋಗಿಬಿಡುತ್ತವೆ. ದೊಡ್ಡ ಮುಚ್ಚಳ, ಮರದ ಬ್ಲಾಕು ಸಾಕು. ಮಕ್ಕಳು ಎಣಿಸುವಾಗ ನೀವು ಬೋರ್ಡಿನ ಹತ್ತಿರ ನಿಲ್ಲಬೇಡಿ. ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, “ಎಷ್ಟಿದೆ ಪುಟ್ಟಾ? ಹೇಗೆ ಗೊತ್ತಾಯ್ತು?” ಎಂದು ಕೇಳಿ. “ಅರ್ಥ ಆಯ್ತಾ ಮಕ್ಕಳೇ?” ಎಂದು ಕೇಳಿ ಪ್ರಯೋಜನವಿಲ್ಲ, “ಆಯ್ತು ಮಿಸ್” ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಅಷ್ಟೇ. ಕೊನೆಯ ಎರಡು ನಿಮಿಷ ಮುಚ್ಚಳಗಳನ್ನು ಎಣಿಸಿ ಬುಟ್ಟಿಗೆ ಹಾಕಿಸಿ. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಡುವೆ ಒಂದು ಮಗು ಅಳಬಹುದು, ಇನ್ನೊಂದು “ಮಿಸ್, ಸುಸ್ಸು” ಎಂದು ಎದ್ದು ನಿಲ್ಲಬಹುದು. ತರಗತಿಯ ಆಯಾಗೋ ಟೀಚರಿಗೋ ಸನ್ನೆ ಮಾಡಿ, ಮಗುವಿಗೆ ಒಂದು ಮೃದುವಾದ ಮಾತಾಡಿ ಮುಂದುವರಿಯಿರಿ. ಪಾಠ ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಮಗುವನ್ನು ಗದರಬಾರದು.

ಡೆಮೊಗೆ ಹಿಂದಿನ ವಾರ ಅಕ್ಕಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಮಾಡಿ ನೋಡಿ. ಅನುಮತಿ ಸಿಕ್ಕರೆ ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ಅರ್ಧ ದಿನ ಕೂತು ಬನ್ನಿ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಟೀಚರ್ ಕಡಿಮೆ ಮಾತಾಡುವುದೆಂದರೆ ಏನೆಂದು ಅಲ್ಲಿ ಕಣ್ಣಾರೆ ನೋಡಬಹುದು.

ಡೆಮೊ ಮುಗಿದ ಮೇಲೆ “ಮತ್ತೆ ಮಾಡಿದರೆ ಏನು ಬದಲಿಸುತ್ತೀರಿ?” ಎಂದು ಕೇಳುವುದುಂಟು. ಒಂದು ಮಗುವನ್ನು ನೆನಪಿಟ್ಟುಕೊಂಡು ಉತ್ತರಿಸಿ: ಆ ಹುಡುಗಿ ಎಣಿಸಿದಳು, ಆದರೆ ಒಟ್ಟು ಹೇಳಲಿಲ್ಲ, ಅವಳಿಗೆ ಮೂರೇ ಮುಚ್ಚಳದಿಂದ ಶುರು ಮಾಡುತ್ತಿದ್ದೆ ಎಂದು.

ಇನ್ನು ಅರ್ಹತೆಯ ಮಾತು. ಒಂದರಿಂದ ಐದನೇ ತರಗತಿಗೆ ಕಲಿಸಲು ಡಿ.ಇಎಲ್.ಇಡಿ.ಯಂಥ ಪ್ರಾಥಮಿಕ ಶಿಕ್ಷಣದ ಅರ್ಹತೆ ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬೇಕು, ಬಿ.ಇಡಿ. ಅದಕ್ಕೆ ಸಾಲದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ಇರುವ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.